ಪೈಪರ್ ಟ್ವಿನ್ ಕೊಮ್ಯಾಂಚಿ: 80 ಇದ್ದ ವಿಎಂಸಿ 90 ಯಾಕಾಯ್ತು?

ಬಾನಾಡಿ: ಟ್ವಿನ್ ಕೊಮ್ಯಾಂಚಿಯ ಮೊದಲ ಮಾದರಿ ಪಿಎ-30ರ ವಿಎಂಸಿ (ಒಂದು ಎಂಜಿನ್ ನಿಂತಾಗಲೂ ವಿಮಾನ ಹತೋಟಿಯಲ್ಲಿರುವ ಕನಿಷ್ಠ ವೇಗ) ಮೊದಲು ಗಂಟೆಗೆ 80 ಮೈಲಿ ಅಂತಿತ್ತು, ಆಮೇಲೆ 90 ಮಾಡಿದರು. ಎಂಜಿನ್ ಅದೇ ಇದ್ದ ಮೇಲೆ ಬದಲಾಗಿದ್ದೇನು? ಆಮೇಲಿನ ಮಾದರಿ ಪಿಎ-39 ತಗೊಂಡರೆ ಈ ತಲೆನೋವೇ ಇಲ್ಲ ಅಂತಾರೆ, ನಿಜವೇ?

ರೆಕ್ಕೆಪುಕ್ಕ: ಈ ವಿಮಾನದ ಮೂಲ ಒಂಟಿ ಎಂಜಿನ್ನಿನ ಪಿಎ-24. ಮೂಗಿನ ಎಂಜಿನ್ ತೆಗೆದು ಎರಡು ರೆಕ್ಕೆಗೂ 160 ಅಶ್ವಶಕ್ತಿಯ ಲೈಕಾಮಿಂಗ್ ಐಒ-320 ಕೂರಿಸಿದರು. ವಿಮಾನ ವಿನ್ಯಾಸಕ ಎಡ್ ಸ್ವೆರಿಂಜನ್ ಕೈಯೂ ಅದರಲ್ಲಿತ್ತು. ಮಾರಾಟಕ್ಕೆ ಬಂದದ್ದು 1963ರಲ್ಲಿ. ಪೂರ್ತಿ ತೂಕ 3,600 ಪೌಂಡ್, ಎರಡೂ ಎಂಜಿನ್ ಸೇರಿ ಗಂಟೆಗೆ 16-17 ಗ್ಯಾಲನ್ ಕುಡಿಯುತ್ತೆ. ಕಡಿಮೆ ಖರ್ಚು ಅಂತಲೇ ತರಬೇತಿ ಶಾಲೆಗಳು ಮುಗಿಬಿದ್ದವು. ಎಡವಟ್ಟಾಗಿದ್ದೂ ಅಲ್ಲೇ.

ರಡ್ಡರ್ ರಾಯ: ಎಡವಟ್ಟು ಏನಂದರೆ, ವಿಎಂಸಿಯೂ ಸ್ಟಾಲ್ ವೇಗವೂ (ಇದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದು) ತೀರಾ ಹತ್ತಿರ. ಒಂದು ಎಂಜಿನ್ ನಿಂತು ಇನ್ನೊಂದು ಪೂರ್ತಿ ಎಳೆಯುವಾಗ ಬಾಲದ ರಡ್ಡರಿನಿಂದ ಮೂಗನ್ನು ನೇರ ಹಿಡಿಯಬಹುದಾದ ಕನಿಷ್ಠ ವೇಗವೇ ವಿಎಂಸಿ. ಮೇಲೇರಿದಂತೆ ಟರ್ಬೊ ಇಲ್ಲದ ಎಂಜಿನ್ನಿನ ಕಸುವು ಕುಗ್ಗಿ ವಿಎಂಸಿ ಇಳಿಯುತ್ತೆ, ಮೀಟರಿನಲ್ಲಿ ಕಾಣುವ ಸ್ಟಾಲ್ ವೇಗ ಇಳಿಯಲ್ಲ. ಎರಡೂ ಸಂಧಿಸುವ ಎತ್ತರದಲ್ಲಿ ವಿಎಂಸಿ ತೋರಿಸಲು ಹೋದರೆ, ಮೂಗು ಎಳೆಯುತ್ತಿರುವಾಗಲೇ ರೆಕ್ಕೆ ಸ್ಟಾಲ್ ಆಗಿ ನೇರ ಸ್ಪಿನ್, ಅಂದರೆ ಗಿರಕಿ ಹೊಡೆಯುತ್ತಾ ಬೀಳುವುದು. ಇದರ ಲ್ಯಾಮಿನಾರ್ (ಗಾಳಿ ನಯವಾಗಿ ಹರಿಯುವಂತೆ ರೂಪಿಸಿದ) ರೆಕ್ಕೆಯ ಸ್ಟಾಲ್ ಮೊದಲೇ ಚುರುಕು. ಕೆಳಗೇ ಅಭ್ಯಾಸ ಮಾಡೋಣ ಅಂದರೆ ಚೇತರಿಸಿಕೊಳ್ಳಲು ಎತ್ತರ ಸಾಲದು. ಹೀಗೆ 1960ರ ದಶಕದಲ್ಲಿ ತರಬೇತಿ ಹಾರಾಟಗಳಲ್ಲೇ ಸಾಲು ಅಪಘಾತಗಳಾದವು. ಆಮೇಲೆ ರೆಕ್ಕೆಯ ಮುಂಚೂಣಿಗೆ ಸ್ಟಾಲನ್ನು ಹದಗೊಳಿಸುವ ಸಣ್ಣ ಪಟ್ಟಿ ಬಂತು, ವೇಗದ ಮಿತಿ 90ಕ್ಕೇರಿತು. ಅಂದರೆ ಆ ಹತ್ತು ಮೈಲಿ ರಡ್ಡರಿನ ದೌರ್ಬಲ್ಯಕ್ಕೆ ಕೊಟ್ಟದ್ದಲ್ಲ, ಸ್ಟಾಲಿನಿಂದ ದೂರ ಇರಲು ಕೊಟ್ಟದ್ದು. ಬೆಂಗಳೂರಿನ ಜಕ್ಕೂರಿನಂತೆ ನೆಲವೇ ಸುಮಾರು 3,000 ಅಡಿ ಎತ್ತರವಿರುವ ಕಡೆ ಯಾವ ಸಣ್ಣ ಜೋಡಿ ಎಂಜಿನ್ ವಿಮಾನಕ್ಕೂ ಇದೇ ಲೆಕ್ಕ.

ಅಭ್ಯಾಸದಲ್ಲಿ ರಡ್ಡರ್ ಪೆಡಲ್ ತುದಿ ಮುಟ್ಟಲಿ, ಸ್ಟಾಲ್ ಎಚ್ಚರಿಕೆಯ ಹಾರ್ನ್ ಕೂಗಲಿ, ಯಾವುದು ಮೊದಲಾದರೂ ಅಲ್ಲಿಗೇ ನಿಲ್ಲಿಸಿ. ನಡೆಯುತ್ತಿರುವ ಎಂಜಿನ್ನಿನ ಥ್ರಾಟಲ್ ಹಿಂದಕ್ಕೆ, ಮೂಗು ಕೆಳಕ್ಕೆ, ಎರಡೂ ಒಟ್ಟಿಗೆ. ಇನ್ನೂ ಕಾಲು ಒತ್ತುತ್ತಾ ಕೂರಬೇಡಿ.

ಬಾನಾಡಿ: ಸರಿ, ಪಿಎ-39?

ಎಣ್ಣೆಕೈ: ಪಿಎ-30ರಲ್ಲಿ ಎರಡೂ ಪ್ರೊಪೆಲ್ಲರ್, ಪೈಲಟ್ ಸೀಟಿನಿಂದ ನೋಡಿದರೆ, ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ. ಮೂಗೆತ್ತಿ ನಿಧಾನ ಹಾರುವಾಗ ಕೆಳಗಿಳಿಯುವ ಬ್ಲೇಡು ಹೆಚ್ಚು ಎಳೆಯುತ್ತೆ. ಬಲ ಎಂಜಿನ್ನಿನಲ್ಲಿ ಆ ಬ್ಲೇಡು ವಿಮಾನದ ಮೈಯಿಂದ ದೂರದಲ್ಲಿದೆ, ಹಾಗಾಗಿ ಎಡ ಎಂಜಿನ್ ಕೈಕೊಟ್ಟರೆ ಎಳೆತ ಜೋರು. 1970ರ ಪಿಎ-39ರಲ್ಲಿ ಬಲಗಡೆಗೆ ಉಲ್ಟಾ ತಿರುಗುವ ಎಲ್‌ಐಒ-320 ಹಾಕಿ ಈ ಎಡ-ಬಲ ಭೇದ ತೆಗೆದರು. ಎಂಜಿನ್ ನಿಂತರೆ ಮೂಗು ತಿರುಗುವುದಂತೂ ತಪ್ಪಲ್ಲ. ನಡೆಯುವ ಎಂಜಿನ್ನಿನ ಕಡೆಗೆ 5 ಡಿಗ್ರಿ ವಾಲಿಸುವುದು ಎರಡಕ್ಕೂ ಬೇಕು.

ಫೆದರ್, ಅಂದರೆ ನಿಂತ ಎಂಜಿನ್ನಿನ ಬ್ಲೇಡುಗಳ ಅಂಚನ್ನು ಗಾಳಿಗೆ ಎದುರಾಗಿ ತಿರುಗಿಸುವ ವಿಷಯದಲ್ಲೂ ಎರಡೂ ಮಾದರಿ ಒಂದೇ. ಸುತ್ತು ನಿಮಿಷಕ್ಕೆ 1,000ಕ್ಕೆ ಇಳಿಯುವ ಮೊದಲೇ ಪ್ರೊಪೆಲ್ಲರ್ ಲಿವರ್ ಪೂರ್ತಿ ಹಿಂದಕ್ಕೆ ಎಳೆಯಿರಿ. ಇನ್ನೂ ಇಳಿದರೆ ಹಬ್ಬಿನೊಳಗಿನ ಲಾಕ್ ಪಿನ್ನುಗಳು ಕಚ್ಚಿಕೊಂಡು ಬ್ಲೇಡು ಫೆದರಿಗೆ ಹೋಗುವುದೇ ಇಲ್ಲ.

ಕೊಳ್ಳುವುದಾದರೆ ಪಿಎ-39ರ ಬಲ ಎಂಜಿನ್ನಿನ ಓವರ್‌ಹಾಲ್ ಯಾವಾಗ ಆಗಿದೆ ಅಂತ ಮೊದಲು ಕೇಳಿ. ಉಲ್ಟಾ ತಿರುಗುವ ಎಂಜಿನ್ನಿಗೆ ಕ್ರ್ಯಾಂಕ್‌ಶಾಫ್ಟೂ ಬೇರೆಯೇ ಬೇಕು. 1972ರ ಆಗ್ನೆಸ್ ಚಂಡಮಾರುತದ ಪ್ರವಾಹ ಅಮೆರಿಕದ ಲಾಕ್ ಹೇವನ್‌ನ ಪೈಪರ್ ಕಾರ್ಖಾನೆಗೆ ನುಗ್ಗಿದ ಮೇಲೆ ಈ ವಿಮಾನದ ತಯಾರಿಕೆಯೇ ನಿಂತಿತು.