ಶಾಪ್‌ಲಿಫ್ಟರ್‌ಗೆ ಕನ್ನಡ? (ಫಲಕಕ್ಕೆ, ತುರ್ತು)

ನಮಸ್ಕಾರ. ಸೂಪರ್ ಮಾರ್ಕೆಟ್ಟಿನ ಫಲಕವೊಂದು ಸಂಜೆ ಪ್ರಿಂಟಿಗೆ ಹೋಗಬೇಕು. ಇಂಗ್ಲಿಷಿನಲ್ಲಿರುವುದು "ಶಾಪ್‌ಲಿಫ್ಟರ್ಸ್ ವಿಲ್ ಬಿ ಪ್ರಾಸಿಕ್ಯೂಟೆಡ್". ಡಿಸೈನರ್ "ಅಂಗಡಿ ಕಳ್ಳರ ಮೇಲೆ ಕ್ರಮ" ಎಂದು ಕೂರಿಸಿದ್ದಾರೆ. ಓದಿದರೆ ಅಂಗಡಿಯವರೇ ಕಳ್ಳರು ಅನ್ನೋ ಹಾಗಿದೆ. ಒಂದೇ ಪದ ಇದ್ದರೆ ತಿಳಿಸಿ.

---

ಬಿಡಿಸಿ ಬರೆದದ್ದೇ ತಪ್ಪು. ಕಕಾರಕ್ಕೆ ಗಕಾರ ಬರಲಿ: ಅಂಗಡಿಗಳ್ಳ. ಸರಗಳ್ಳ, ಕಿಸೆಗಳ್ಳ ಇದ್ದಹಾಗೆ. ಮುಗಿಯಿತು.

---

> ಮುಗಿಯಿತು.

ಎಲ್ಲಿ? ಸರಗಳ್ಳ ಕದಿಯುವುದು ಸರವನ್ನು, ಕಾಡುಗಳ್ಳ ಕದಿಯುವುದು ಕಾಡಿನಲ್ಲಿ, ಮೈಗಳ್ಳ ಏನನ್ನೂ ಕದಿಯುವುದಿಲ್ಲ, ಕೆಲಸಕ್ಕೆ ಮೈ ಕೊಡುವುದಿಲ್ಲ ಅಷ್ಟೆ. ಪೂರ್ವಪದದ ಸಂಬಂಧ ಒಂದೊಂದರಲ್ಲಿ ಒಂದೊಂದು. ಅಂಗಡಿಗಳ್ಳ ಅಂದರೆ ರಾತ್ರಿ ಶಟರ್ ಮೀಟಿ ನುಗ್ಗಿದವನೂ ಆದಾನು. ಅವನು ಬರ್ಗ್ಲರ್, ಪೊಲೀಸರ ಲೆಕ್ಕದಲ್ಲಿ 'ಕನ್ನ ಕಳವು'. ಕನ್ನ ಎಂದರೆ ಗೋಡೆಗೆ ಕೊರೆದ ತೂತು. 12ನೇ ಶತಮಾನದ ಶರಣ ಕನ್ನದ ಮಾರಿತಂದೆಯ ಹೆಸರಲ್ಲೇ ಇದೆ. ಶಾಪ್‌ಲಿಫ್ಟರ್ ಬರುವುದು ಬಾಗಿಲು ತೆರೆದಿರುವಾಗ, ಗಿರಾಕಿಯ ಹಾಗೆ ಬುಟ್ಟಿ ಹಿಡಿದು.

ಲಿಫ್ಟ್ ಅಂದ ಕೂಡಲೇ 'ಎತ್ತು' ತರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಎತ್ತು + ಅಂಗಡಿ = ಎತ್ತಂಗಡಿ. ಅದಕ್ಕೆ ಆಗಲೇ ಬೇರೆ ಕೆಲಸವಿದೆ. ಆ ಲಿಫ್ಟಿಗೆ ನಮ್ಮಲ್ಲಿ ಎಗರಿಸು, ಲಪಟಾಯಿಸು.

---

'ಗಿರಾಕಿ' ಗ್ರಾಹಕದ ಮೊಮ್ಮಗ, 'ಲಪಟಾಯಿಸು' ಬಡಗಣದ ಸರಕು. 'ಕಳ್' ಎಂಬ ಅಚ್ಚಗನ್ನಡ ಧಾತು ಕೈಯಲ್ಲಿರುವಾಗ ಸಾಲ ಯಾಕೆ? ಕೊಳ್ಳುಗಗಳ್ಳ.

---

> ಕೊಳ್ಳುಗಗಳ್ಳ

ಇದನ್ನು ಓದಿ ಮುಗಿಸುವಷ್ಟರಲ್ಲಿ ಕಳ್ಳ ಬಸ್ ಹತ್ತಿರುತ್ತಾನೆ. ಜೇಬು, ಕಿಸೆ ಎರಡೂ ಅರಬ್ಬಿ ಮೂಲದವು, 'ಗಳ್ಳ' ಅವಕ್ಕೂ ಸಲೀಸಾಗಿ ಅಂಟಿಕೊಂಡಿತು. ದರೋಡೆ ಮರಾಠಿಯದು, ಬಿಡ್ತೀರಾ?

ಫಲಕದವರಿಗೆ: ಆಳನ್ನು ಹೆಸರಿಸಬೇಡಿ, ಕೆಲಸವನ್ನು ಹೇಳಿ. "ಹಣ ಕೊಡದೆ ವಸ್ತು ಒಯ್ದರೆ ಪೊಲೀಸರಿಗೆ ದೂರು ಕೊಡಲಾಗುವುದು." 'ಜೈಲು ಖಚಿತ' ಅಂತ ಸೇರಿಸಬೇಡಿ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಂತೆ ಕಳವಿಗೆ 3 ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಮಾಲು 5,000 ರೂಪಾಯಿಗಿಂತ ಕಡಿಮೆಯದಾಗಿದ್ದು, ಮೊದಲ ಸಲ ಅಪರಾಧಿಯಾದವನು ಅದನ್ನು ಮರಳಿಸಿದರೆ ಸಮುದಾಯ ಸೇವೆಯಷ್ಟೇ. 'ಹತ್ತು ಪಟ್ಟು ದಂಡ' ಎಂದು ಬರೆಸುವ ಚಾಳಿಯೂ ಬೇಡ, ದಂಡ ಹಾಕುವ ಅಧಿಕಾರ ಅಂಗಡಿಗಿಲ್ಲ.

---

> ವಸ್ತು

ಸಂಸ್ಕೃತ. 'ಸರಕು' ಹಾಕಿ.

---

ಪ್ರಿಂಟಿಗೆ ಕಳಿಸಿಯಾಯಿತು. 'ಸಾಮಾನು' ಹಾಕಿದ್ದೇನೆ.