ಸಹಾಯ ಬೇಕು: ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷೀನಿನ ಡ್ರೈಯರ್ ತಿರುಗ್ತಿಲ್ಲ

ವಾಶ್ ಕಡೆ ಸರಿಯಿದೆ. ಸ್ಪಿನ್ ಟೈಮರ್ ತಿರುಗಿಸಿದ್ರೆ ಮೋಟಾರ್ ಬರೀ ಗುಂಯ್ ಅನ್ನುತ್ತೆ, ಟಬ್ ಅಲ್ಲಾಡಲ್ಲ. ಶಬ್ದ ಬರ್ತಿದೆ ಅಂದ್ಮೇಲೆ ಟೈಮರ್, ಮುಚ್ಚಳದ ಸ್ವಿಚ್ ಎರಡೂ ಸರಿ ಇರಬೇಕು. ಪ್ಲಗ್ ಕಿತ್ತು ಹಿಂದಿನ ಕವರ್ ಬಿಚ್ಚಿದ್ರೆ, ಮುಚ್ಚಳ ಹಾಕಿದಾಗ ವೈರ್ ಬ್ರೇಕನ್ನ ಪೂರ್ತಿ ಎಳೆದು ಬಿಡಿಸ್ತಿದೆ; ಬ್ರೇಕ್ ಡ್ರಮ್ ಕೈಯಲ್ಲಿ ಸಲೀಸಾಗಿ ತಿರುಗುತ್ತೆ. ಹಾಗಾಗಿ ಟಬ್ ಕೆಳಗೆ ಕಾಲ್ಚೀಲ ಗೀಲ್ಚೀಲ ಸಿಕ್ಕಿಕೊಂಡಿಲ್ಲ. ಮೋಟಾರನ್ನ ಟಬ್ಬಿಗೆ ಜೋಡಿಸೋ ಕಪ್ಲಿಂಗ್ ಬೋಲ್ಟೂ ಬಿಗಿ ಇದೆ.

ಅನುಮಾನ ಮೋಟಾರ್ ತಿರುಗೋಕೆ ಶುರುವಿನ ಬಲ ಕೊಡೋ ಕೆಪಾಸಿಟರ್ ಮೇಲೆ. 5 ಮೈಕ್ರೋಫ್ಯಾರಡ್, 450 ವೋಲ್ಟ್, ಟಾಲರೆನ್ಸ್ (ಹೆಚ್ಚುಕಮ್ಮಿ ಆಗಬಹುದಾದ ಮಿತಿ) ಶೇ. 5 ಅಂತ ಬರೆದಿದೆ. ಅಂದ್ರೆ 4.75ಕ್ಕಿಂತ ಕೆಳಗಿಳೀಬಾರದು, ಡಿಸ್ಚಾರ್ಜ್ ಮಾಡಿ ಮೀಟರ್ ಹಿಡಿದ್ರೆ 4.1 ಬರ್ತಿದೆ. ಇಷ್ಟಕ್ಕೇ ಖಾಲಿ ಟಬ್ಬೂ ತಿರುಗಲ್ವಾ, ಇಲ್ಲಾ ಮೋಟಾರಿನ ಸ್ಟಾರ್ಟ್ ವೈಂಡಿಂಗೇ (ಶುರು ಮಾಡೋ ತಂತಿ ಸುರುಳಿ) ಹೋಗಿರಬಹುದಾ? ಮೂರು ವೈರಿನ ಸ್ಪಿನ್ ಮೋಟಾರಿಗೆ ಯಾವ ಜೋಡಿಯಲ್ಲಿ ಎಷ್ಟು ಓಮ್ ಬರಬೇಕು? ರಿಪೇರಿ ಮಾಡೋರು ಯಾರಾದ್ರೂ ಇದ್ರೆ ದಯವಿಟ್ಟು ತಿಳಿಸಿ.