ಪದಚರ್ಚೆ: ಸೆಕ್ಸ್, ಜೆಂಡರ್ ಎರಡಕ್ಕೂ ‘ಲಿಂಗ’ ನಡೆಯುತ್ತಾ? ಫ್ಲೆಕ್ಸಿಗೆ ಬೇಕು, ಅರ್ಜೆಂಟ್

ಕಲಬುರಗಿಯಿಂದ:
ಎಲ್ಲರಿಗೂ ನಮಸ್ಕಾರ. ಕಾನೂನು ಅರಿವು ಶಿಬಿರಕ್ಕೆ ಫ್ಲೆಕ್ಸ್ ಮಾಡಿಸುತ್ತಿದ್ದೇವೆ. ಜಗತ್ ವೃತ್ತದ ಹತ್ತಿರದ ಅಂಗಡಿಯವರು ನಾಳೆ ಮಧ್ಯಾಹ್ನದೊಳಗೆ ಮ್ಯಾಟರ್ ಕೊಡಿ ಅಂದಿದ್ದಾರೆ. ಟ್ರಾನ್ಸ್‌ಜೆಂಡರ್ ವ್ಯಕ್ತಿ ಅಂದ್ರೆ ಯಾರು ಅಂತ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯ ಮೂಲ ಪಠ್ಯದಲ್ಲಿ ಇರುವುದನ್ನು ಒಂದೇ ಸಾಲಿನಲ್ಲಿ ಹೇಳಬೇಕು. ನಾನು ಬರೆದದ್ದು: ‘ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮ ಲಿಂಗತ್ವಕ್ಕೆ ಹೊಂದದವರು’. ಲಿಂಗ ಅಂದ್ರೆ ಸೆಕ್ಸ್ (ದೇಹದ್ದು), ಲಿಂಗತ್ವ ಅಂದ್ರೆ ಜೆಂಡರ್ (ಗಂಡೋ ಹೆಣ್ಣೋ ಬೇರೆಯೋ ಅನ್ನುವ ಗುರುತು) ಅಂತ ಇಟ್ಟುಕೊಂಡಿದ್ದೇನೆ. ಸರೀನಾ?

ಬೀದರಿನಿಂದ:
ಸರಿ ಇಲ್ಲ. ‘ತನ’ ಇರುವಾಗ ಸಂಸ್ಕೃತದ ‘ತ್ವ’ ಯಾಕೆ? ಹೆಣ್ತನ, ಗಂಡುತನ ಅಂತ ಬರೆಯಿರಿ. ಇನ್ನು ಲಿಂಗ ಅನ್ನುವುದರ ಮೂಲ ಅರ್ಥವೇ ಗುರುತು. ‘ಗುರುತಿಸಿದ ಲಿಂಗ’ ಅಂದ್ರೆ ಗುರುತಿಸಿದ ಗುರುತು. ಹೀಗೆ ಬರೆದೂ ಬರೆದೂ ಕನ್ನಡ ಕೆಟ್ಟಿದೆ.

ಯಾದಗಿರಿಯಿಂದ:
ಸರ್, ಹೆಣ್ತನ ಅಂದ್ರೆ ಜನ ನಡೆನುಡಿ, ನಾಚಿಕೆ ಅಂದುಕೊಳ್ಳುತ್ತಾರೆ. ಗಂಡುತನ ಅಂದ್ರೆ ಪೌರುಷ. ಅರ್ಜಿಯ ಕಾಲಂನಲ್ಲಿ ಅದನ್ನು ಕೇಳೋಕಾಗುತ್ತಾ? ಮೂಲ ಅರ್ಥದ ಮಾತನ್ನು ಇಲ್ಲಿಗೇ ಬಿಡಿ.

ಅಕ್ಕಾ, ನಿಮ್ಮ ಸಾಲಿನ ತೊಂದರೆ ಬೇರೆ. ಆ ಕಾಯ್ದೆಯ 2019ರ ಪಠ್ಯದಲ್ಲಿ ಸೆಕ್ಷನ್ 2(ಕೆ) ತೆಗೆದು ನೋಡಿ. ಹುಟ್ಟಿದಾಗ ಕೊಟ್ಟದ್ದೂ ಜೆಂಡರ್, ಆ ವ್ಯಕ್ತಿಯದ್ದೂ ಜೆಂಡರ್. ಸೆಕ್ಸ್ ಪದ ಅಲ್ಲಿ ಬರುವುದು ಶಸ್ತ್ರಚಿಕಿತ್ಸೆಯ ಹೆಸರಿನಲ್ಲಿ, ಅದೂ ‘ಆಗಿರಲಿ, ಆಗದಿರಲಿ’ ಅನ್ನುವುದಕ್ಕೆ. ನೀವು ಒಂದು ಕಡೆ ಲಿಂಗ, ಇನ್ನೊಂದು ಕಡೆ ಲಿಂಗತ್ವ ಬರೆದರೆ ಕಾಯ್ದೆ ಹೇಳದ ವ್ಯತ್ಯಾಸವನ್ನು ನೀವೇ ಸೇರಿಸಿದ ಹಾಗೆ. ಓದಿದವರು ಅದನ್ನೇ ಕಾನೂನು ಅಂದುಕೊಳ್ಳುತ್ತಾರೆ, ಅಲ್ವಾ?

ಹಾಗಂತ ಎಲ್ಲ ಕಡೆಯೂ ಒಂದೇ ಪದ ಸಾಕಾಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಅಲ್ಲಿನ 2010ರ ಸಮಾನತೆ ಕಾಯ್ದೆಯಲ್ಲಿ ಸೆಕ್ಸ್ ಅಂದ್ರೆ ಜೈವಿಕ ಲಿಂಗ, ಜೆಂಡರ್ ಬದಲಾದ ಪ್ರಮಾಣಪತ್ರ ಇದ್ದರೂ ಅಷ್ಟೇ ಅಂತ ಹೇಳಿತು. ಎರಡಕ್ಕೂ ಲಿಂಗ ಅಂದರೆ ಆ ಸುದ್ದಿ ‘ಲಿಂಗ ಬದಲಾದರೂ ಲಿಂಗ ಬದಲಾಗಿಲ್ಲ’ ಅಂತಾಗುತ್ತದೆ. ನಮ್ಮ ಸುಪ್ರೀಂ ಕೋರ್ಟ್ 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಹಿಡಿದ ದಾರಿಯೇ ಬೇರೆ. ಸಂವಿಧಾನದ 15, 16ನೇ ವಿಧಿಗಳಲ್ಲಿರುವ ಸೆಕ್ಸ್ ಪದದೊಳಗೆ ಜೆಂಡರ್ ಗುರುತೂ ಸೇರುತ್ತದೆ ಅಂದಿತು. ನಮ್ಮ ಕನ್ನಡ ಪಠ್ಯದಲ್ಲಿ ಅಲ್ಲಿರುವುದು ‘ಲಿಂಗ’. ಅದು ಅಷ್ಟು ಅಗಲವಾಗಿ ಇರುವುದು ಒಳ್ಳೆಯದೇ ಆಯಿತು ಅಂತ ನನ್ನ ಅನಿಸಿಕೆ.

ಫ್ಲೆಕ್ಸಿಗೆ ಹೀಗೆ ಹಾಕಿ: ‘ಹುಟ್ಟಿದಾಗ ಗೊತ್ತುಮಾಡಿದ ಲಿಂಗತ್ವ ತಮ್ಮ ಲಿಂಗತ್ವಕ್ಕೆ ಹೊಂದದವರು’. ಗೊತ್ತುಮಾಡಿದ ಅಂದ್ರೆ ಬೇರೆಯವರು ನಿಗದಿ ಮಾಡಿದ್ದು ಅಂತ ತಿಳಿಯುತ್ತದೆ. ಲಿಂಗತ್ವ ಜನರಿಗೆ ಹೊಸದೇನಲ್ಲ. ‘ಲಿಂಗತ್ವ ಅಲ್ಪಸಂಖ್ಯಾತರು’ ಅಂತ ಪತ್ರಿಕೆಗಳಲ್ಲಿ ದಿನಾ ಬರುತ್ತದೆ.

ಬೀದರಿನಿಂದ:
ಪತ್ರಿಕೆಯಲ್ಲಿ ಬಂದದ್ದನ್ನೆಲ್ಲ ಒಪ್ಪಬೇಕಾ? ಇವತ್ತು ಲಿಂಗತ್ವ, ನಾಳೆ ಜೆಂಡರ್ ಅಂತಲೇ ಬರೆಯುತ್ತೀರಿ.

ಯಾದಗಿರಿಯಿಂದ:
ಬರೆಯುತ್ತೇನೆ. ಅರ್ಜಿ, ವಕೀಲ, ಜಾಮೀನು, ತಹಸೀಲ್ದಾರ್ ಇವೆಲ್ಲ ಯಾವ ಕನ್ನಡ? ನಿಜಾಮರ ಕಾಲದಲ್ಲಿ ನಮ್ಮ ಕಡೆ ಕಚೇರಿ ನಡೆದದ್ದು ಉರ್ದುವಿನಲ್ಲಿ. ಆ ಪದಗಳಿಲ್ಲದೆ ಇವತ್ತು ಬೀದರಿನ ಕೋರ್ಟಿನಲ್ಲಿ ಒಂದು ದಿನ ಕಳೆಯಿರಿ ನೋಡೋಣ. ಕಚೇರಿಗೆ ಹೋದವರಿಗೆ ತಿಳಿಯಬೇಕು, ನನಗೆ ಅದು ಮುಖ್ಯ.

ಕಲಬುರಗಿಯಿಂದ:
ಲಿಂಗತ್ವವೇ ಇರಲಿ, ತುಂಬಾ ಉಪಕಾರವಾಯಿತು. ಕೆಳಗೆ ‘ಗುರುತಿನ ಪ್ರಮಾಣಪತ್ರಕ್ಕೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ’ ಅಂತ ಬರುತ್ತದೆ. ಮೇಲಿನ ಹೆಡಿಂಗಿಗೆ ‘ತೃತೀಯ ಲಿಂಗಿಗಳಿಗೆ’ ಅಂತ ಹಾಕಲಾ?

ಯಾದಗಿರಿಯಿಂದ:
ಬೇಡ ಅಕ್ಕಾ. ಗಂಡು, ಹೆಣ್ಣು, ತೃತೀಯ ಲಿಂಗ, ಇದರಲ್ಲಿ ಯಾವುದು ಅಂತ ಅವರವರೇ ಹೇಳಿಕೊಳ್ಳಬಹುದು ಅಂತ ನಾಲ್ಸಾ ತೀರ್ಪಿನಲ್ಲೇ ಇದೆ. ಹೆಣ್ಣು ಅಂತ ಹೇಳಿಕೊಳ್ಳುವವರು ಆ ಹೆಡಿಂಗ್ ನೋಡಿ ಇದು ನಮಗಲ್ಲ ಅಂತ ಮುಂದೆ ಹೋಗುತ್ತಾರೆ. ‘ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ’ ಅಂತಲೇ ದೊಡ್ಡ ಅಕ್ಷರದಲ್ಲಿ ಹಾಕಿಸಿ.